ಹಿರಿಯ ತೀರ್ಪುಗಾರ ಬಿಲ್ ಕ್ಲೆಮ್

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕಣ್ಣೆದುರಿಗೆ ನಡೆದುದನ್ನೂ ಕಣ್ಣು ತಪ್ಪಾಗಿ ಕಾಣಬಹುದೆಂಬ ಎಚ್ಚರಿಕೆ ಈ ಮಾತಿನಲ್ಲಿದೆ. ನ್ಯಾಯಾಲಯದಲ್ಲಿ ಕುಳಿತವರಿಗೆ ಪ್ರಮಾಣಿಸಿ ನೋಡಲು ವಾಯಿದೆಗಳುಂಟು, ಸಾಕ್ಷಿಗಳುಂಟು, ವಕೀಲರ ವಾದ ಪ್ರತಿವಾದಗಳುಂಟು. ಆಟದ ಬಯಲಿನಲ್ಲಿ ನಿಂತ ತೀರ್ಪುಗಾರನಿಗಾದರೋ ಇವೊಂದೂ ಇಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ನಡೆದುಹೋದ ಸಂಗತಿಯ ಮೇಲೆ ಇನ್ನೊಮ್ಮೆ ರೆಪ್ಪೆ ಬಡಿಯುವುದರೊಳಗಾಗಿ ಅವನು ತೀರ್ಪು ಕೊಡಬೇಕು. ಅವನಿಗಿರುವ ಪ್ರಮಾಣ ಒಂದೇ: ತಾನು ಎಲ್ಲಿ ನಿಂತು ನೋಡಿದೆ ಎಂಬುದು. ಈ ಸತ್ಯವನ್ನು ಮೂವತ್ತೇಳು ವರ್ಷಗಳ ದುಡಿಮೆಯಲ್ಲಿ ಬಾಳಿ ತೋರಿಸಿದವನು ಅಮೆರಿಕದ ಬೇಸ್‌ಬಾಲ್ ಅಂಪೈರ್ ಬಿಲ್ ಕ್ಲೆಮ್.

ಈತನ ಹೆಸರು ನನಗೆ ತಿಳಿದುಬಂದುದು ನನ್ನದೇ ಒಂದು ತಪ್ಪಿನಿಂದ. ನಮ್ಮ ಕಾಲೇಜಿನ ಬಯಲಿನಲ್ಲಿ ನಡೆದ ಸಾಫ್ಟ್‌ಬಾಲ್ ಅಭ್ಯಾಸ ಪಂದ್ಯವೊಂದರಲ್ಲಿ ಅಂಪೈರ್ ಆಗಿ ನಿಲ್ಲಲು ಯಾರೂ ಒಪ್ಪದೆ ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂದಿತು. ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ ಓಟಗಾರನೊಬ್ಬ ಸಿಕ್ಕಿಬಿದ್ದನು. ಆ ಕಡೆ ಓಡಿದರೆ ಚೆಂಡು ಆ ಕಡೆಗೆ, ಈ ಕಡೆ ಓಡಿದರೆ ಈ ಕಡೆಗೆ. ನಾನು ನಿಂತಲ್ಲಿಯೇ ಕಂಬದಂತೆ ನಿಂತು ನೋಡುತ್ತಿದ್ದೆನು. ಕೊನೆಗೆ ಫೀಲ್ಡರ್ ನನಗೆ ಬೆನ್ನು ಮಾಡಿ ಓಟಗಾರನ ಕಡೆಗೆ ಕೈ ಚಾಚಿದುದು ಕಂಡಿತು. ಔಟ್ ಎಂದು ಕೈ ಎತ್ತಿದೆನು. ಓಟಗಾರ ಮುಖ ಸಣ್ಣಗೆ ಮಾಡಿಕೊಂಡು ಹೊರಗೆ ಹೋದನು. ಸಂಜೆ ಹಾಸ್ಟೆಲಿನಲ್ಲಿ ಊಟಕ್ಕೆ ಕುಳಿತಾಗ ಆ ಫೀಲ್ಡರನೇ ನನ್ನ ಕಿವಿಯಲ್ಲಿ, ಚೆಂಡು ಮುಟ್ಟಿಯೇ ಇರಲಿಲ್ಲವೆಂದು ಹೇಳಿದನು. ಮರುದಿನ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಲ್ಲಿ ಇದನ್ನು ಹೇಳಿಕೊಂಡೆನು. ಕಣ್ಣಿನದು ತಪ್ಪಲ್ಲ, ಕಾಲಿನದು ತಪ್ಪು ಎಂಬ ಅರ್ಥದ ಮಾತನ್ನು ಹೇಳಿ, ಕ್ಲೆಮ್‌ನ ಚರಿತ್ರೆಯನ್ನು ಓದೆಂದು ಅವರು ನನ್ನನ್ನು ಪುಸ್ತಕ ಭಂಡಾರಕ್ಕೆ ಕಳುಹಿಸಿದರು. ಓದಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುವ ಸಣ್ಣ ಪ್ರಯತ್ನವಿದು.

ಈ ಆಟವನ್ನು ಆಡದವರ ಅನುಕೂಲಕ್ಕಾಗಿ ಎರಡು ಮಾತು ಹೇಳುವುದು ಅವಶ್ಯಕ. ಬೇಸ್‌ಬಾಲಿಗೆ ಸಾಫ್ಟ್‌ಬಾಲ್ ತಂಗಿಯಿದ್ದಂತೆ. ೧೮೮೭ರಲ್ಲಿ ಶಿಕಾಗೋ ನಗರದಲ್ಲಿ, ಮನೆಯೊಳಗೆ ಆಡುವ ಬೇಸ್‌ಬಾಲಾಗಿ ಅದು ಹುಟ್ಟಿತು. ಎರಡರಲ್ಲಿಯೂ ಬಯಲಿನ ಮೇಲೆ ಚೌಕವಾಗಿ ನಾಲ್ಕು ಠಾವುಗಳಿರುತ್ತವೆ. ಬೇಸ್‌ಬಾಲಿನಲ್ಲಿ ಒಂದು ಠಾವಿನಿಂದ ಇನ್ನೊಂದಕ್ಕೆ ೯೦ ಅಡಿ, ಸಾಫ್ಟ್‌ಬಾಲಿನಲ್ಲಿ ೬೦ ಅಡಿ. ಚೆಂಡನ್ನು ಹೊಡೆದವನು ಒಂದು, ಎರಡು, ಮೂರನೆಯ ಬೇಸುಗಳನ್ನು ಮುಟ್ಟಿ, ತಾನು ಹೊರಟ ಹೋಮ್ ಪ್ಲೇಟಿಗೆ ಹಿಂದಿರುಗಿದರೆ ಒಂದು ರನ್ನು. ಬೇಸಿನ ಮೇಲೆ ಕಾಲಿಟ್ಟು ನಿಂತವನಿಗೆ ಭಯವಿಲ್ಲ. ಎರಡು ಬೇಸುಗಳ ನಡುವೆ ಇರುವವನನ್ನು ಚೆಂಡು ಹಿಡಿದ ಫೀಲ್ಡರ್ ಆ ಚೆಂಡಿನಿಂದಲಾಗಲಿ, ಚೆಂಡಿರುವ ಗ್ಲೌಸಿನಿಂದಲಾಗಲಿ ಮುಟ್ಟಿದರೆ ಅವನು ಔಟ್. ಎರಡು ಕಡೆಯೂ ದಾರಿ ಕಟ್ಟಿಹೋಗಿ ಓಟಗಾರ ನಡುವೆ ಸಿಕ್ಕಿಬೀಳುವುದಕ್ಕೆ ರನ್‌ಡೌನ್ ಎಂದು ಹೆಸರು. ನಮ್ಮ ಮಕ್ಕಳ ಮುಟ್ಟಾಟವೂ ಖೊಖೋ ಆಟದ ಅಟ್ಟಿಸಿಕೊಂಡು ಹೋಗುವಿಕೆಯೂ ಸೇರಿದಂತಹ ದೃಶ್ಯ ಅದು.

ನೋಡುವವರಿಗೆ ಇದರಲ್ಲಿ ಎಷ್ಟು ಮೋಜೋ ತೀರ್ಪುಗಾರನಿಗೆ ಅಷ್ಟು ಕಷ್ಟ. ಕ್ರಿಕೆಟ್ಟಿನ ರನ್‌ಔಟಿನಲ್ಲಿ ಗೆರೆ ಒಂದೇ, ವಿಕೆಟ್ಟು ಒಂದೇ. ಅಂಪೈರ್ ಪಕ್ಕಕ್ಕೆ ಓಡಿ ಗೆರೆಗೆ ನೇರವಾಗಿ ನಿಂತರೆ ಕೆಲಸ ಮುಗಿಯಿತು. ರನ್‌ಡೌನಿನಲ್ಲಿ ಘಟನೆ ಎಲ್ಲಿ ನಡೆಯುವುದೆಂದು ಮೊದಲೇ ಗೊತ್ತಿಲ್ಲ. ಓಟಗಾರ ತಿರುಗಿದಂತೆಲ್ಲ ಅದರ ಠಾವು ತಿರುಗುತ್ತದೆ. ಅಷ್ಟಲ್ಲದೆ ನೋಡಬೇಕಾದುದು ಒಂದೇ ಅಲ್ಲ. ಚೆಂಡು ಮೈಗೆ ತಗುಲಿತೇ? ತಗುಲಿದ ಮೇಲೆ ಕೈಯಲ್ಲಿಯೇ ಉಳಿಯಿತೇ, ಜಾರಿತೇ? ತಪ್ಪಿಸಿಕೊಳ್ಳುವ ಭರದಲ್ಲಿ ಓಟಗಾರ ತನ್ನ ದಾರಿಯಿಂದ ಮೂರು ಅಡಿಗಿಂತ ಆಚೆಗೆ ಸರಿದನೇ? ಚೆಂಡಿಲ್ಲದ ಫೀಲ್ಡರ್ ಅವನ ದಾರಿಗೆ ಅಡ್ಡ ನಿಂತನೇ? ಇಷ್ಟನ್ನೂ ನೋಡುವಾಗ ಉಳಿದ ಓಟಗಾರರು ಸುಮ್ಮನೆ ಇರುವುದಿಲ್ಲ. ಎಲ್ಲರ ಕಣ್ಣೂ ಇತ್ತ ಇರುವಾಗ ಅವರು ಮುಂದಿನ ಬೇಸಿಗೆ ಜಾರಿಕೊಳ್ಳುತ್ತಾರೆ.

ಆದುದರಿಂದ ಈ ಸಂದರ್ಭಕ್ಕೆ ಬಲ್ಲವರು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದಾರೆ. ಓಟಗಾರನ ಹಿಂದಿನಿಂದಾಗಲಿ ಮುಂದಿನಿಂದಾಗಲಿ ನೋಡಬಾರದು. ಅವನ ದಾರಿಗೆ ಪಕ್ಕದಲ್ಲಿ, ಚೆಂಡಿನ ಎಸೆತಕ್ಕೆ ಅಡ್ಡವಾಗದಷ್ಟು ದೂರದಲ್ಲಿ, ಅವನೊಡನೆಯೇ ಸರಿಯುತ್ತ ಹೋಗಬೇಕು. ರೈಲಿನ ಹಳಿಯ ಮೇಲೆ ನಿಂತು ನೋಡುವವನಿಗೆ ಬರುತ್ತಿರುವ ರೈಲು ಎಷ್ಟು ದೂರದಲ್ಲಿದೆಯೆಂದು ತಿಳಿಯುವುದಿಲ್ಲ. ಪಕ್ಕದ ಹೊಲದಲ್ಲಿ ನಿಂತವನಿಗೆ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ. ಕೈಗೂ ಮೈಗೂ ನಡುವಿನ ನಾಲ್ಕು ಬೆರಳು ಜಾಗ ಪಕ್ಕದಿಂದ ನೋಡಿದವನಿಗೆ ಮಾತ್ರ ಕಾಣುತ್ತದೆ. ಮುಟ್ಟುವ ಗಳಿಗೆ ಬಂದಾಗ ಮಾತ್ರ ತೀರ್ಪುಗಾರ ಓಡುವುದನ್ನು ಬಿಟ್ಟು ನಿಲ್ಲಬೇಕು. ದೇಹ ಅಲುಗಾಡಿದರೆ ನೋಟವೂ ಅಲುಗಾಡುತ್ತದೆ. ಇಬ್ಬರು ಅಂಪೈರುಗಳಿದ್ದರೆ ಒಬ್ಬೊಬ್ಬರು ಒಂದೊಂದು ಕೊನೆಯನ್ನು ಹಿಡಿದು, ಓಟಗಾರನನ್ನು ತಮ್ಮ ನಡುವೆ ಇರಿಸಿಕೊಳ್ಳಬೇಕು. ಅವನು ಯಾರ ಕಡೆಗೆ ಓಡುತ್ತಿರುವನೋ ತೀರ್ಪು ಅವರದು. ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಬ್ಬರು ಔಟ್ ಎಂದೂ ಇನ್ನೊಬ್ಬರು ಅಲ್ಲವೆಂದೂ ಹೇಳಿದರೆ ಅದಕ್ಕಿಂತ ನಗೆಪಾಟಲು ಬೇರೊಂದಿಲ್ಲ. ಒಬ್ಬನೇ ಅಂಪೈರ್ ಆದರೆ ಓಡುವುದೊಂದೇ ಗತಿ.

ಇವೆಲ್ಲ ಇಂದು ಎಲ್ಲ ಕೈಪಿಡಿಗಳಲ್ಲಿಯೂ ದೊರೆಯುತ್ತವೆ. ಕ್ಲೆಮ್ ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂತಹ ಕೈಪಿಡಿಗಳಿರಲಿಲ್ಲ. ಅಂಪೈರುಗಳು ಬಿದ್ದು, ಎದ್ದು, ಬೈಸಿಕೊಂಡು ಕಲಿಯಬೇಕಾಗಿತ್ತು.

ವಿಲಿಯಂ ಜೋಸೆಫ್ ಕ್ಲೆಮ್ ಹುಟ್ಟಿದುದು ೧೮೭೪ರ ಫೆಬ್ರವರಿ ೨೨ರಂದು, ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ. ಮನೆತನದ ಹೆಸರು ಕ್ಲಿಮ್ ಎಂದಿದ್ದಿತು. ಅದನ್ನು ಅವನು ಮುಂದೆ ಕ್ಲೆಮ್ ಎಂದು ಬದಲಿಸಿಕೊಂಡನು. ಚಿಕ್ಕಂದಿನಲ್ಲಿ ಅವನಿಗಿದ್ದ ಆಸೆ ತೀರ್ಪುಗಾರನಾಗುವುದಲ್ಲ, ಆಟಗಾರನಾಗುವುದು. ತೋಳಿನ ನೋವು ಆ ಆಸೆಗೆ ಕಲ್ಲು ಹಾಕಿತು. ಹೊಟ್ಟೆಪಾಡಿಗಾಗಿ ಉಕ್ಕಿನ ಸೇತುವೆಗಳನ್ನು ಕಟ್ಟುವ ಕೂಲಿ ಕೆಲಸಕ್ಕೂ ಸೇರಿದನು. ಅದೇ ಊರಿನವನಾದ ಸಿಲ್ಕ್ ಓಲಾಫ್ಲಿನ್ ಎಂಬುವನು ಅಂಪೈರ್ ಆಗಿ ಹೆಸರು ಗಳಿಸುತ್ತಿದ್ದುದು ಕ್ಲೆಮ್‌ನ ಕಣ್ಣಿಗೆ ಬಿದ್ದಿತು. ೧೯೦೨ರಲ್ಲಿ ಸಣ್ಣ ಲೀಗೊಂದರಲ್ಲಿ ಅಂಪೈರ್ ಆದನು. ಮೂರು ವರ್ಷ ಮೂರು ಸಣ್ಣ ಲೀಗುಗಳಲ್ಲಿ ದುಡಿದು, ೧೯೦೫ರಲ್ಲಿ ನ್ಯಾಷನಲ್ ಲೀಗಿಗೆ ಬಂದನು. ಅಲ್ಲಿಂದ ೧೯೪೧ರವರೆಗೆ ಅದೇ ಅವನ ಮನೆಯಾಯಿತು.

ಆ ಕಾಲದ ಅಂಪೈರಿನ ಪಾಡನ್ನು ಇಂದು ಊಹಿಸುವುದೂ ಕಷ್ಟ. ಎಷ್ಟೋ ಪಂದ್ಯಗಳಿಗೆ ಅಂಪೈರ್ ಒಬ್ಬನೇ. ನಾಲ್ಕು ಬೇಸುಗಳನ್ನೂ ಎರಡು ಗೆರೆಗಳನ್ನೂ ಒಂಬತ್ತು ಫೀಲ್ಡರುಗಳನ್ನೂ ಎರಡೇ ಕಣ್ಣುಗಳು ಕಾಯಬೇಕು. ಅವನು ಚೆಂಡಿನ ಹಿಂದೆ ಕಣ್ಣು ಹಾಯಿಸಿದಾಗ ಓಟಗಾರ ಬೇಸನ್ನು ಮುಟ್ಟದೆಯೇ ಅಡ್ಡದಾರಿ ಹಿಡಿದು ಓಡುವುದು ಆಟಗಾರರ ಜಾಣತನವೆನಿಸಿದ್ದಿತು. ತೀರ್ಪು ಒಪ್ಪದ ಆಟಗಾರರು ಮೈಮೇಲೆ ಬರುವರು. ಪ್ರೇಕ್ಷಕರು ಬಾಟಲಿ ಎಸೆಯುವರು.

ಒಬ್ಬನ ಕಣ್ಣು ಸಾಲದೆಂಬುದಕ್ಕೆ ೧೯೦೮ರ ಎರಡು ಪಂದ್ಯಗಳು ಪ್ರಸಿದ್ಧ ಸಾಕ್ಷಿಗಳು. ಆ ವರ್ಷ ಸೆಪ್ಟೆಂಬರ್ ೪ರಂದು ಪಿಟ್ಸ್‌ಬರ್ಗಿನಲ್ಲಿ ಹ್ಯಾಂಕ್ ಓಡೇ ಎಂಬ ಅಂಪೈರ್ ಒಬ್ಬನೇ ಇದ್ದನು. ಗೆಲುವಿನ ರನ್ನು ಬಂದೊಡನೆ, ಮೊದಲನೆಯ ಬೇಸಿನಲ್ಲಿದ್ದ ಓಟಗಾರ ಎರಡನೆಯದನ್ನು ಮುಟ್ಟದೆಯೇ ಹೊರಟುಹೋದನೆಂದು ಶಿಕಾಗೋ ತಂಡದವರು ಕೂಗಿದರು. ಓಡೇ ಅದನ್ನು ನೋಡಿರಲಿಲ್ಲ. ನೋಡದುದಕ್ಕೆ ತೀರ್ಪಿಲ್ಲ ಎಂದನು. ಅದೇ ತಿಂಗಳ ೨೩ರಂದು ನ್ಯೂಯಾರ್ಕಿನಲ್ಲಿ ಅಂತಹುದೇ ಘಟನೆ ಮತ್ತೆ ನಡೆಯಿತು. ಈ ಸಲ ಅಂಪೈರುಗಳು ಇಬ್ಬರಿದ್ದರು. ಬೇಸುಗಳನ್ನು ಕಾಯಬೇಕಾದ ಬಾಬ್ ಎಮ್ಸ್ಲಿ ಚೆಂಡಿನಿಂದ ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದನು. ಅವನಿಗೆ ಏನೂ ಕಾಣಲಿಲ್ಲ. ಆದರೆ ಹೋಮ್ ಪ್ಲೇಟಿನ ಹಿಂದೆ ಇದ್ದ ಓಡೇ ಹಿಂದಿನ ಪಾಠವನ್ನು ಮರೆತಿರಲಿಲ್ಲ; ಜೊತೆಗಾರನ ಠಾವನ್ನು ತಾನು ತುಂಬಿ ನೋಡಿದ್ದನು. ನ್ಯೂಯಾರ್ಕ್ ತಂಡದ ಮರ್ಕಲ್ ಎಂಬ ಹತ್ತೊಂಬತ್ತರ ಹುಡುಗ ಎರಡನೆಯ ಬೇಸನ್ನು ಮುಟ್ಟಿರಲಿಲ್ಲ. ಅವನನ್ನು ಔಟ್ ಎಂದು ಸಾರಲಾಯಿತು. ಪಂದ್ಯ ಸಮಸಮವಾಯಿತು.

ಈ ಜಗಳದ ಇತ್ಯರ್ಥಕ್ಕಾಗಿ ಅಕ್ಟೋಬರ್ ೮ರಂದು ಮತ್ತೊಂದು ಪಂದ್ಯ ನಿಗದಿಯಾಯಿತು. ಲೀಗಿನ ಪ್ರಶಸ್ತಿಯೇ ಅದರ ಮೇಲೆ ನಿಂತಿತ್ತು. ಅದನ್ನು ನಡೆಸಲು ಬಂದವರು ಕ್ಲೆಮ್ ಮತ್ತು ಜಿಮ್ ಜಾನ್‌ಸ್ಟನ್. ಪಂದ್ಯಕ್ಕೆ ಮುಂಚೆ ನ್ಯೂಯಾರ್ಕ್ ತಂಡದ ವೈದ್ಯನೊಬ್ಬ ಇವರ ಬಳಿಗೆ ೨,೫೦೦ ಡಾಲರುಗಳ ಲಂಚದೊಡನೆ ಬಂದನು. ಇಬ್ಬರೂ ಅದನ್ನು ತಿರಸ್ಕರಿಸಿ, ಮೇಲಿನವರಿಗೆ ವರದಿ ಮಾಡಿದರು. ಆಟ ನೇರವಾಗಿ ನಡೆದು ಶಿಕಾಗೋ ೪-೨ರಿಂದ ಗೆದ್ದಿತು. ಆ ವೈದ್ಯನನ್ನು ಆಟದ ಬಯಲುಗಳಿಂದಲೇ ಬಹಿಷ್ಕರಿಸಲಾಯಿತು. ಆಗ ಕ್ಲೆಮ್‌ನಿಗೆ ಮೂವತ್ತನಾಲ್ಕು ವರ್ಷ. ಲೀಗಿಗೆ ಬಂದು ನಾಲ್ಕನೆಯ ಋತು. ಸೇತುವೆಯ ಕೂಲಿಯಿಂದ ಮೇಲೆ ಬಂದವನಿಗೆ ಆ ಹಣ ಸಣ್ಣದಾಗಿರಲಿಲ್ಲ.

ಮರುವರ್ಷ, ೧೯೦೯ರಲ್ಲಿ, ಪಿಟ್ಸ್‌ಬರ್ಗಿಗೂ ಡೆಟ್ರಾಯಿಟಿಗೂ ನಡೆದ ವರ್ಲ್ಡ್ ಸೀರೀಸಿನಲ್ಲಿ ಕ್ಲೆಮ್‌ನಿಗೆ ನಿಲ್ಲುವ ಠಾವಿನ ಬೆಲೆ ಮತ್ತೊಂದು ಬಗೆಯಲ್ಲಿ ತಿಳಿಯಿತು. ಎರಡನೆಯ ಪಂದ್ಯದಲ್ಲಿ ಬಲಗಡೆಯ ಗೆರೆಯ ಗುಂಟ ಹೋದ ಚೆಂಡೊಂದು ಪ್ರೇಕ್ಷಕರ ನಡುವೆ ಸೇರಿತು. ಅದು ಎಲ್ಲಿ ಬಿದ್ದು ಒಳಹೊಕ್ಕಿತೆಂಬುದು ಕ್ಲೆಮ್‌ನಿಗೂ ತಿಳಿಯಲಿಲ್ಲ, ಜೊತೆಗಾರ ಬಿಲ್ಲಿ ಇವಾನ್ಸ್‌ನಿಗೂ ತಿಳಿಯಲಿಲ್ಲ. ದೇಶದ ಅತಿ ದೊಡ್ಡ ಪಂದ್ಯದ ತೀರ್ಪುಗಾರರಿಬ್ಬರು ನಡೆದುಕೊಂಡು ಹೋಗಿ ಟಿಕೆಟ್ಟು ಕೊಂಡು ಕುಳಿತವರನ್ನು ವಿಚಾರಿಸಬೇಕಾಯಿತು. ಅವಮಾನದ ಸಂಗತಿಯೇ ಸರಿ. ಆದರೆ ಅದರಿಂದ ಒಂದು ಒಳ್ಳೆಯ ಪದ್ಧತಿ ಹುಟ್ಟಿತು. ಅದುವರೆಗೆ ಸರದಿಯ ಮೇಲೆ ಇಬ್ಬಿಬ್ಬರಾಗಿ ಕೆಲಸ ಮಾಡುತ್ತಿದ್ದ ನಾಲ್ವರು ಅಂಪೈರುಗಳನ್ನೂ ಮುಂದೆ ಒಟ್ಟಿಗೆ ಬಯಲಿಗೆ ಇಳಿಸಿದರು. ಸಾಧಾರಣ ಪಂದ್ಯಗಳಿಗೆ ನಾಲ್ವರು ಬರುವುದಕ್ಕೆ ೧೯೫೨ರವರೆಗೆ ಕಾಯಬೇಕಾಯಿತು. ಅದನ್ನು ನೋಡಲು ಕ್ಲೆಮ್ ಉಳಿದಿರಲಿಲ್ಲ.

ಸಂಖ್ಯೆ ಹೆಚ್ಚಿಸುವುದು ಅಧಿಕಾರಿಗಳ ಕೈಯಲ್ಲಿದ್ದಿತು; ತಾನು ನಿಲ್ಲುವ ಠಾವನ್ನು ತಿದ್ದಿಕೊಳ್ಳುವುದು ಅವನ ಕೈಯಲ್ಲಿಯೇ ಇದ್ದಿತು. ಅಂದಿನ ಅಂಪೈರುಗಳು ಹೋಮ್ ಪ್ಲೇಟಿನ ಹಿಂದೆ ನಿಲ್ಲುವಾಗ ಹಾಸಿಗೆಯ ದಿಂಬಿನಂತಹ ದೊಡ್ಡ ಎದೆರಕ್ಷೆಯೊಂದನ್ನು ಮುಂದೆ ಹಿಡಿದುಕೊಳ್ಳುತ್ತಿದ್ದರು. ಅದನ್ನು ಹಿಡಿದವನು ಬಗ್ಗಲಾರ, ಬೇಗ ಓಡಲಾರ. ಕ್ಲೆಮ್ ಅಂಗಿಯ ಒಳಗೆ ತೊಡುವ ತೆಳುವಾದ ರಕ್ಷೆಯನ್ನು ಆರಿಸಿಕೊಂಡು, ಅದರ ಪ್ರಚಾರಕನೇ ಆದನು. ಮೈ ಹಗುರವಾಯಿತು, ಬಗ್ಗಿ, ಕ್ಯಾಚರನಿಗೂ ಬ್ಯಾಟುಗಾರನಿಗೂ ನಡುವಣ ಸಂದಿನಿಂದ ಚೆಂಡನ್ನು ನೋಡುವುದು ಸಾಧ್ಯವಾಯಿತು. ನ್ಯಾಷನಲ್ ಲೀಗಿನ ಅಂಪೈರುಗಳು ಅವನ ದಾರಿ ಹಿಡಿದರು. ಅಮೆರಿಕನ್ ಲೀಗಿನವರು ಮಾತ್ರ ಬಹುಕಾಲ ಹಳೆಯ ದಿಂಬನ್ನು ಬಿಡಲಿಲ್ಲ. ಔಟ್, ಸೇಫ್ ಮೊದಲಾದ ತೀರ್ಪುಗಳನ್ನು ದೂರದವರಿಗೂ ಕಾಣುವಂತೆ ಕೈಯಿಂದ ತೋರಿಸಿದ ಮೊದಲಿಗರಲ್ಲಿಯೂ ಕ್ಲೆಮ್ ಒಬ್ಬನು. ಈ ಸನ್ನೆಗಳನ್ನು ಅವನೊಬ್ಬನೇ ಹುಟ್ಟಿಸಿದನೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಸೈ ರಿಗ್ಲರ್ ಮುಂತಾದವರಿಗೂ ಅದರಲ್ಲಿ ಪಾಲುಂಟು.

ನೋಡುವುದು ಎಷ್ಟು ಮುಖ್ಯವೋ, ನೋಡಿಯೂ ಹೊತ್ತಿಗೆ ಮುಂಚೆ ಬಾಯಿ ತೆರೆಯದಿರುವುದು ಅಷ್ಟೇ ಮುಖ್ಯ. ೧೯೧೧ರ ವರ್ಲ್ಡ್ ಸೀರೀಸಿನ ಐದನೆಯ ಪಂದ್ಯ ಇದಕ್ಕೆ ದೃಷ್ಟಾಂತ. ನ್ಯೂಯಾರ್ಕಿನ ಲ್ಯಾರಿ ಡಾಯಲ್ ಗೆಲುವಿನ ರನ್ನಿಗಾಗಿ ಜಾರಿ ಬಂದನು. ಜನರು ಕುಣಿಯುತ್ತ ಬಯಲಿಗೆ ನುಗ್ಗಿದರು. ಡಾಯಲನ ಕಾಲು ಹೋಮ್ ಪ್ಲೇಟನ್ನು ಮುಟ್ಟಿರಲಿಲ್ಲ. ಕ್ಲೆಮ್ ಅದನ್ನು ನೋಡಿದ್ದನು. ಆದರೆ ಎದುರು ತಂಡದವರು ಬಂದು ಕೇಳಿಕೊಂಡರೆ ಮಾತ್ರ ಅಂತಹ ತಪ್ಪಿನ ಮೇಲೆ ತೀರ್ಪು ಕೊಡಬೇಕೆಂಬುದು ಕಟ್ಟಳೆ. ಕ್ಲೆಮ್ ಕೈಯನ್ನು ಆ ಕಡೆಗೂ ಎತ್ತಲಿಲ್ಲ, ಈ ಕಡೆಗೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ಕಾದನು. ಯಾರೂ ಬರಲಿಲ್ಲ. ರನ್ನು ಉಳಿಯಿತು. ಯಾರಾದರೂ ಕೇಳಿದ್ದರೆ ಔಟ್ ಕೊಡುತ್ತಿದ್ದೆನೆಂದು ಅವನು ಆ ಮೇಲೆ ತಿಳಿಸಿದನು. ಅಷ್ಟು ಜನರ ಗದ್ದಲದ ನಡುವೆ ಗೆದ್ದ ತಂಡವನ್ನು ಸೋಲಿಸುವ ತೀರ್ಪನ್ನು ಜೇಬಿನಲ್ಲಿಟ್ಟುಕೊಂಡು ನಿಲ್ಲಲು ಎದೆಗಾರಿಕೆ ಬೇಕು.

ಇನ್ನು ಬೇಸ್‌ಬಾಲಿನ ಚರಿತ್ರೆಯಲ್ಲಿಯೇ ಅತ್ಯಂತ ಪ್ರಸಿದ್ಧವಾದ ರನ್‌ಡೌನಿಗೆ ಬರುವ. ಅದಕ್ಕೂ ಸಾಕ್ಷಿ ನಮ್ಮ ಕ್ಲೆಮ್. ೧೯೧೭ರ ಅಕ್ಟೋಬರ್ ೧೫. ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೂ ಶಿಕಾಗೋ ವೈಟ್ ಸಾಕ್ಸ್ ತಂಡಕ್ಕೂ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯ. ಸೋತರೆ ನ್ಯೂಯಾರ್ಕಿನ ಕತೆ ಮುಗಿಯಿತು. ನಾಲ್ಕನೆಯ ಸರದಿ, ಇನ್ನೂ ಯಾರಿಗೂ ರನ್ನಿಲ್ಲ. ಶಿಕಾಗೋದ ಎಡ್ಡಿ ಕಾಲಿನ್ಸ್ ಮೂರನೆಯ ಬೇಸಿನಲ್ಲಿಯೂ ಜೋ ಜಾಕ್ಸನ್ ಮೊದಲನೆಯದರಲ್ಲಿಯೂ ನಿಂತಿದ್ದರು. ಹ್ಯಾಪಿ ಫೆಲ್ಷ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ ಪಿಚರ್ ರೂಬ್ ಬೆಂಟನ್ನನ ಕೈಗೆ ಬಂದಿತು. ಕಾಲಿನ್ಸ್ ಬೇಸನ್ನು ಬಿಟ್ಟು ಮುಂದೆ ಬಂದಿದ್ದನು. ಬೆಂಟನ್ ಚೆಂಡನ್ನು ಮೂರನೆಯ ಬೇಸಿನ ಹೈನಿ ಜಿಮರ್ಮನ್ನನಿಗೆ ಎಸೆದನು. ಕಾಲಿನ್ಸ್ ಸಿಕ್ಕಿಬಿದ್ದನು, ಹಿಂದೆ ಜಿಮರ್ಮನ್, ಮುಂದೆ ಕ್ಯಾಚರ್ ರಾರಿಡನ್.

ಕಾಲಿನ್ಸ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದವನು. ಕಾಲಿನಲ್ಲಿ ಇದ್ದ ಚುರುಕು ತಲೆಯಲ್ಲಿಯೂ ಇದ್ದಿತು. ಕ್ಯಾಚರ್ ತನ್ನನ್ನು ಅಡ್ಡಗಟ್ಟಲು ಗೆರೆಯ ಮೇಲೆ ಬಹಳ ಮುಂದಕ್ಕೆ ಬಂದಿರುವುದನ್ನು ಕಂಡನು. ಚೆಂಡು ಜಿಮರ್ಮನ್ನನ ಕೈಯಲ್ಲಿದ್ದಾಗ ಒಮ್ಮೆಲೇ ಕ್ಯಾಚರನನ್ನು ದಾಟಿ ಓಡಿದನು. ಕ್ಯಾಚರ್ ಬಿಟ್ಟುಬಂದ ಹೋಮ್ ಪ್ಲೇಟನ್ನು ಕಾಯಲು ಪಿಚರನಾದರೂ ಮೊದಲನೆಯ ಬೇಸಿನ ಹೋಲ್ಕಿಯಾದರೂ ಬರಬೇಕಾಗಿತ್ತು. ಇಬ್ಬರೂ ತಮ್ಮ ತಮ್ಮಲ್ಲಿಯೇ ಉಳಿದಿದ್ದರು. ಹೀಗಾಗಿ ಜಿಮರ್ಮನ್ ಕೈಯಲ್ಲಿ ಚೆಂಡನ್ನು ಹಿಡಿದುಕೊಂಡೇ ಕಾಲಿನ್ಸ್‌ನ ಬೆನ್ನಟ್ಟಿ ಓಡಿದನು. ಓಟದಲ್ಲಿ ಕಾಲಿನ್ಸ್‌ಗೆ ಅವನು ಸಾಟಿಯಲ್ಲ. ಬರಿದಾಗಿದ್ದ ಹೋಮ್ ಪ್ಲೇಟಿನ ಮೇಲೆ ಕಾಲಿನ್ಸ್ ಕಾಲಿಟ್ಟನು. ಈ ಗಡಿಬಿಡಿಯಲ್ಲಿ ಜಾಕ್ಸನ್ ಮೂರನೆಯ ಬೇಸಿಗೂ ಫೆಲ್ಷ್ ಎರಡನೆಯದಕ್ಕೂ ಬಂದಿದ್ದರು. ಮುಂದಿನ ಹೊಡೆತಕ್ಕೆ ಅವರೂ ಮನೆ ಸೇರಿದರು. ಶಿಕಾಗೋ ೪-೨ರಿಂದ ಪಂದ್ಯವನ್ನೂ ಅದರೊಡನೆ ಸೀರೀಸನ್ನೂ ಗೆದ್ದಿತು.

ಮರುದಿನ ಪತ್ರಿಕೆಗಳು ಜಿಮರ್ಮನ್ನನನ್ನು ಕೋಡಂಗಿ ಮಾಡಿದುವು. ಚೆಂಡನ್ನು ಯಾರಿಗೆ ಎಸೆಯಬೇಕಾಗಿತ್ತು, ಅಲ್ಲಿ ಇದ್ದವನು ಅಂಪೈರ್ ಕ್ಲೆಮ್ ಒಬ್ಬನೇ ಅಲ್ಲವೇ ಎಂಬ ಅರ್ಥದ ಉತ್ತರವನ್ನು ಅವನು ಕೊಟ್ಟನಂತೆ. ಅದು ಅವನ ಬಾಯಿಂದ ಬಂದಿತೋ, ಪತ್ರಿಕೆಯವರ ಲೇಖನಿಯಿಂದ ಬಂದಿತೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಯಾರ ಮಾತಾದರೇನು, ಅದರಲ್ಲಿ ಅರ್ಥವಿದೆ. ಕ್ಯಾಚರ್ ಠಾವನ್ನು ಬಿಟ್ಟನು, ಪಿಚರ್ ಬರಲಿಲ್ಲ, ಹೋಲ್ಕಿ ಬರಲಿಲ್ಲ. ಬರಬೇಕಾದವರು ಬಾರದ ಆ ಎಡೆಯಲ್ಲಿ ಇರಬೇಕಾದವನು ಇದ್ದನು, ಅವನು ತೀರ್ಪುಗಾರ. ತಮ್ಮ ಠಾವನ್ನು ಮರೆತವರ ತಪ್ಪಿಗೆ ಕೈಯಲ್ಲಿ ಚೆಂಡಿದ್ದವನು ಬೈಗುಳ ತಿಂದನು. ಲೋಕದಲ್ಲಿ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ.

ಕ್ಲೆಮ್ ಸಾಧುಸಂತನೇನೂ ಆಗಿರಲಿಲ್ಲ. ಅವನ ಕೋಪ ಬಹಳ ಪ್ರಸಿದ್ಧ. ತಕರಾರು ಮಾಡಲು ಬಂದ ಆಟಗಾರನ ಮುಂದೆ ಬೂಟಿನ ಮೊನೆಯಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದು ಬೆನ್ನು ತಿರುಗಿಸಿ ನಡೆಯುವನು. ಆ ಗೆರೆಯನ್ನು ದಾಟಿದವನು ಬಯಲಿನಿಂದ ಹೊರಗೆ. ಲಕ್ಷ್ಮಣರೇಖೆಯ ಕತೆ ಅವನು ಕೇಳಿರಲಾರ. ಆದರೆ ಅದರ ಮರ್ಮ ಅವನಿಗೆ ತಿಳಿದಿದ್ದಿತು. ಅವನ ಮುಖವನ್ನು ನೋಡಿ ಯಾರೋ ಇಟ್ಟ ಬೆಕ್ಕುಮೀನು ಎಂಬ ಅಡ್ಡಹೆಸರು ಅವನ ಕಿವಿಗೆ ಬಿದ್ದರೆ ಸಾಕು, ಅಂದವನಿಗೆ ಅಂದಿನ ಆಟ ಮುಗಿದಂತೆಯೇ. ಹಿರಿಯ ತೀರ್ಪುಗಾರ ಎಂಬ ಬಿರುದು ಮಾತ್ರ ಅವನಿಗೆ ಬಲು ಪ್ರಿಯ. ನ್ಯೂಯಾರ್ಕ್ ತಂಡದ ಮ್ಯಾನೇಜರ್ ಜಾನ್ ಮೆಗ್ರಾ ಒಮ್ಮೆ ಅವನ ಕೆಲಸ ಕಳೆಯುವೆನೆಂದು ಬೆದರಿಸಿದನಂತೆ. ನೀನು ಕಳೆಯಬಲ್ಲ ಕೆಲಸವಾದರೆ ಅದು ನನಗೆ ಬೇಡವೆಂಬ ಅರ್ಥದ ಉತ್ತರ ಕೊಟ್ಟು ಕ್ಲೆಮ್ ಅವನ ಬಾಯಿ ಕಟ್ಟಿದನು.

ಈ ಅಭಿಮಾನವೇ ಒಮ್ಮೊಮ್ಮೆ ದುರಭಿಮಾನವಾದುದೂ ಉಂಟು. ತನ್ನ ತೀರ್ಪು ತಪ್ಪಿತೆಂದು ಅವನು ಸುಲಭವಾಗಿ ಒಪ್ಪುತ್ತಿರಲಿಲ್ಲ. ೧೯೩೪ರ ವರ್ಲ್ಡ್ ಸೀರೀಸಿನಲ್ಲಿ ಡೆಟ್ರಾಯಿಟಿನ ಗೂಸ್ ಗಾಸ್ಲಿನ್ ಎಂಬ ಆಟಗಾರನೊಡನೆ ತೀರ್ಪಿನ ವಿಷಯದಲ್ಲಿ ಜಗಳವಾಯಿತು. ಅದು ಬಯಲಿನಲ್ಲಿಯೇ ಮುಗಿಯಲಿಲ್ಲ. ಹೋಟೆಲಿನಲ್ಲಿ ಎದುರಾದಾಗ ಕ್ಲೆಮ್ ಅವನನ್ನು ಕೆಟ್ಟದಾಗಿ ಬೈದನು. ಆಟದ ಪರಮಾಧಿಕಾರಿಯಾಗಿದ್ದ ನ್ಯಾಯಮೂರ್ತಿ ಲ್ಯಾಂಡಿಸ್ ತೀರ್ಪುಗಾರನಿಗೇ ೫೦ ಡಾಲರ್ ದಂಡ ಹಾಕಿದನು. ಅನಂತರ ಐದು ವರ್ಷ ಕ್ಲೆಮ್‌ನಿಗೆ ವರ್ಲ್ಡ್ ಸೀರೀಸಿನ ಕರೆ ಬರಲಿಲ್ಲ. ೧೯೪೦ರಲ್ಲಿ ಕೊನೆಯ ಬಾರಿ ಬಂದಿತು. ಅಲ್ಲಿಗೆ ಅವನು ನಡೆಸಿದ ವರ್ಲ್ಡ್ ಸೀರೀಸುಗಳು ೧೮. ಬೇರೆ ಯಾವ ಅಂಪೈರೂ ಅಷ್ಟನ್ನು ನಡೆಸಿಲ್ಲ.

ಇಂತಹ ಅಭಿಮಾನಿಯ ವೃತ್ತಿ ಮುಗಿದ ಬಗೆಯೇ ಅವನ ಬಾಳಿನ ಅತ್ಯಂತ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ. ೧೯೪೧. ಅವನಿಗೆ ಅರುವತ್ತೇಳು ವರ್ಷ. ಬ್ರೂಕ್ಲಿನ್ನಿಗೂ ಸೇಂಟ್ ಲೂಯಿಸ್ಸಿಗೂ ನಡೆದ ಪಂದ್ಯವೊಂದರಲ್ಲಿ ಓಟಗಾರನೊಬ್ಬ ಬೇಸಿಗೆ ಬಂದನು; ಫೀಲ್ಡರ್ ಚೆಂಡು ಮುಟ್ಟಿಸಿದನು; ಕ್ಲೆಮ್ ಔಟ್ ಕೊಟ್ಟನು. ಓಟಗಾರ ಎಂದಿನಂತೆ ತಕರಾರು ಮಾಡಿದನು, ಕ್ಲೆಮ್ ಎಂದಿನಂತೆ ಬೆನ್ನು ತಿರುಗಿಸಿ ನಡೆದನು. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಅವನ ಮನಸ್ಸಿಗೆ ಏನೋ ಚುಚ್ಚಿತು. ಚೆಂಡು ಮುಟ್ಟಿತೆಂದು ತಾನು ಕಂಡಿದ್ದೇನೆಯೇ, ಮುಟ್ಟಿರಬಹುದೆಂದು ಭಾವಿಸಿದ್ದೇನೆಯೇ? ಭಾವಿಸಿದ್ದೇನೆ ಎಂದು ಮನಸ್ಸು ಹೇಳಿತು. ಮೂವತ್ತೇಳು ವರ್ಷಗಳಲ್ಲಿ ಹೀಗಾದುದು ಅದೇ ಮೊದಲೆಂದು ಅವನೇ ಮುಂದೆ ಹೇಳಿಕೊಂಡನು. ಅಷ್ಟು ಸಾಕಾಯಿತು. ಯಾರೂ ಹೋಗೆನ್ನಲಿಲ್ಲ, ತಾನಾಗಿಯೇ ಬಯಲನ್ನು ಬಿಟ್ಟನು. ಜಗತ್ತಿನೆದುರು ತಪ್ಪನ್ನು ಒಪ್ಪದವನು ತನ್ನೆದುರು ಸಂಶಯವೊಂದನ್ನು ಒಪ್ಪಿಕೊಂಡನು.

ಅನಂತರ ನ್ಯಾಷನಲ್ ಲೀಗಿನ ಅಂಪೈರುಗಳ ಮುಖ್ಯಸ್ಥನಾಗಿ, ಕಿರಿಯರಿಗೆ ಕೆಲಸ ಕಲಿಸುತ್ತ ಕಾಲ ಕಳೆದನು. ೧೯೪೯ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸಿನಲ್ಲಿ ಅವನಿಗೆ ಸನ್ಮಾನ ನಡೆಯಿತು. ಈ ಆಟ ತನಗೆ ಬರಿಯ ಆಟವಲ್ಲ, ಧರ್ಮ ಎಂಬ ಭಾವನೆಯನ್ನು ಅಲ್ಲಿ ವ್ಯಕ್ತಪಡಿಸಿದನು. ಒಂದು ಕಾಲದಲ್ಲಿ ಬಾಟಲಿ ಎಸೆದಿದ್ದ ಜನರು ಅಂದು ಚಪ್ಪಾಳೆ ತಟ್ಟಿದರು. ೧೯೫೧ರ ಸೆಪ್ಟೆಂಬರ್ ೧೬ರಂದು ಫ್ಲಾರಿಡಾದಲ್ಲಿ ತೀರಿಕೊಂಡನು. ಎರಡು ವರ್ಷಗಳ ಮೇಲೆ, ೧೯೫೩ರಲ್ಲಿ, ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊತ್ತಮೊದಲು ಇಬ್ಬರು ಅಂಪೈರುಗಳನ್ನು ಆರಿಸಿದಾಗ ಅವರಲ್ಲಿ ಒಬ್ಬನು ಕ್ಲೆಮ್. ಇನ್ನೊಬ್ಬನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಕ್ರಿಕೆಟ್ ಆಡಿ ಬೆಳೆದ ಟಾಮಿ ಕಾನಲಿ. ಕ್ಲೆಮ್ ನಡೆಸಿದ ಪಂದ್ಯಗಳ ಸಂಖ್ಯೆ ೫,೩೭೫. ಅದನ್ನು ಮೀರಲು ಎಂಬತ್ತು ವರ್ಷಗಳು ಬೇಕಾದುವು. ೨೦೨೧ರ ಮೇ ೨೫ರಂದು ಜೋ ವೆಸ್ಟ್ ಎಂಬ ಅಂಪೈರ್ ಅದನ್ನು ಮೀರಿದನು.

ಇಂದು ದೊಡ್ಡ ಪಂದ್ಯಗಳಲ್ಲಿ ಕ್ಯಾಮರಾಗಳು ನಾಲ್ಕು ದಿಕ್ಕಿನಿಂದಲೂ ನೋಡುತ್ತವೆ; ಸಂದೇಹ ಬಂದರೆ ಚಿತ್ರವನ್ನು ಮತ್ತೆ ಮತ್ತೆ ತಿರುಗಿಸಿ ನೋಡಬಹುದು. ನಮ್ಮ ಕಾಲೇಜಿನ ಬಯಲಿನಲ್ಲಿ ಅವು ಯಾವುವೂ ಇಲ್ಲ. ಅಲ್ಲಿ ಇರುವುದು ಸುಣ್ಣದ ಗೆರೆ, ನಾಲ್ಕು ಬೇಸುಗಳು, ಮತ್ತು ಒಲ್ಲೆನೆಂದರೂ ತೀರ್ಪುಗಾರನಾಗಿ ನಿಂತ ನಮ್ಮಂತಹ ಒಬ್ಬ ವಿದ್ಯಾರ್ಥಿ. ಕ್ಯಾಮರಾ ಕೂಡ ಸರಿಯಾದ ಠಾವಿನಲ್ಲಿ ಇದ್ದರೆ ತಾನೇ ಸರಿಯಾಗಿ ತೋರಿಸೀತು?

ಆ ಅಭ್ಯಾಸ ಪಂದ್ಯದ ಓಟಗಾರನನ್ನು ನಾನು ಮರುದಿನವೇ ಕಂಡು ತಪ್ಪೊಪ್ಪಿಕೊಂಡೆನು. ಅವನು ನಕ್ಕು, ಹೋಗಲಿ ಬಿಡು ಎಂದುಬಿಟ್ಟನು. ಅದಾದ ಮೇಲೆ ಮೂರು ಸಲ ಅಂಪೈರ್ ಆಗಿ ನಿಂತಿದ್ದೇನೆ. ಓಟಗಾರ ನಡುವೆ ಸಿಕ್ಕಿಬಿದ್ದೊಡನೆ ಈಗ ನನ್ನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಓಡುತ್ತವೆ. ಕಂಡದ್ದನ್ನು ಕಂಡೆನೆಂದು ಹೇಳುವುದು ಸುಲಭ. ಕಾಣುವ ಠಾವಿಗೆ ಓಡುವುದು ಕಷ್ಟ. ಕಾಣದಾದಾಗ ಕಾಣೆನೆಂದು ಒಪ್ಪಿ ಹಿಂದೆ ಸರಿಯುವುದು ಎಲ್ಲಕ್ಕಿಂತ ಕಷ್ಟ. ಈ ಮೂರನ್ನೂ ಮಾಡಿದ ರಾಚೆಸ್ಟರಿನ ಆ ಕೋಪಿಷ್ಠ ಮುದುಕನಿಗೆ ನನ್ನ ನಮಸ್ಕಾರ.